ಬಾಗಿಲಾಚೆಯಿಂದ ನೀನು ಹೇಳಿದ ಅಳತೆ

ಮೂಡಲಗಿ,
ಸೋಮವಾರ, ಮಧ್ಯಾಹ್ನ

ಮೂರು ವಾರದ ಬಾಣಂತಿ, ನನ್ನ ಶೋಭಾಳಿಗೆ,

ನಿನ್ನೆ ಫೋನಿನಲ್ಲಿ ನೀನು ದನಿ ತಗ್ಗಿಸಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ಕೂಸಿನ ಹೊಟ್ಟೆಯುಬ್ಬರದ ಮಾತಿಗೆ ಹೊರಳಿಬಿಟ್ಟೆ. ಬೇಸರ ಮಾಡಿಕೊಂಡಿರಬೇಡ. "ಅತ್ತಿ, ನನ್ನ ಬ್ರಾ ಒಂದೂ ಹಿಡಿಯಾಕತ್ತಿಲ್ಲರಿ, ಯಾವ ಸೈಜ್ ತರಸಲಿ?" ಎಂದು ನೀನು ಪಿಸುಗುಟ್ಟಿದ್ದು ನಮ್ಮ ಪಡಸಾಲೆಗೆಲ್ಲ ಕೇಳಿಸಿತ್ತು. ನಿನ್ನ ಮಾವನವರಿಗೆ ಈಚೆಗೆ ಕಿವಿ ಮಂದ. ಸ್ಪೀಕರಿಗೆ ಹಾಕದೆ ಅವರು ಯಾರ ಕೂಡೆಯೂ ಫೋನಿನಲ್ಲಿ ಮಾತಾಡುವುದಿಲ್ಲ, ಮಾತು ಮುಗಿಸಿ ನನ್ನ ಕೈಗೆ ಕೊಡುವಾಗ ಅದನ್ನು ತೆಗೆಯುವುದೂ ಇಲ್ಲ. ಪಾಪ, ಹೆಗಲ ಮೇಲಿನ ಟವೆಲ್ ಝಾಡಿಸಿಕೊಂಡು, ಎಮ್ಮೆಗೆ ನೀರಿಟ್ಟು ಬರುತ್ತೇನೆಂದು ಎದ್ದು ಹೋದರು. ನಾವು ಎಮ್ಮೆ ಮಾರಿ ಎರಡು ವರ್ಷವಾಯಿತು.

ಅದಕ್ಕೇ ಈ ಕಾಗದ. ಗುರುವಾರ ಅಭಿಷೇಕ ಹುಕ್ಕೇರಿಗೆ ನಿನ್ನನ್ನೂ ಕೂಸನ್ನೂ ನೋಡಲು ಬರುತ್ತಾನಲ್ಲ, ಅವನ ಕೈಯಲ್ಲಿ ಅಂಟಿನುಂಡಿಯ ಡಬ್ಬಿ ಕಳಿಸುತ್ತಿದ್ದೇನೆ. ಅದರ ಜೊತೆ ಇದನ್ನೂ ಇಡುತ್ತೇನೆ. ಅವನು ಒಡೆದು ಓದುವವನಲ್ಲ. ಓದಿದರೂ ಓದಲಿ ಬಿಡು, ಅವನಿಗೂ ಒಬ್ಬ ಮಗಳು ಹುಟ್ಟಿದ್ದಾಳೆ.

ನಿನ್ನ ಪ್ರಶ್ನೆಗೆ ಉತ್ತರ ನಾಲ್ಕು ಸಾಲಿನದು. ಆದರೆ ಬರೆಯಲು ಕೂತಾಗ ಒಂದು ಮಾತು ಹೊಳೆದು ನಗು ಬಂತು. ಆ ನಾಲ್ಕು ಸಾಲನ್ನು ನನಗೆ ಕಲಿಸಿದವಳು ನೀನೇ. ಹೆರಿಗೆಯಾದ ಮೇಲೆ ಹೆಂಗಸಿಗೆ ಮರೆವು ಬರುತ್ತದೆ ಅನ್ನುತ್ತಾರೆ, ಖರೆ ಇರಬೇಕು. ನಾಲ್ಕೈದು ತಿಂಗಳ ಹಿಂದೆ ನೀನು ನನಗಾಗಿ ಏನು ಮಾಡಿದೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಡೆ ಅತ್ತೆಯಂದಿರಿಗೆ ಸೊಸೆಯನ್ನು ಹೊಗಳುವುದು ಬರುವುದಿಲ್ಲ, ಬಂದರೂ ಓಣಿಯ ಹೆಂಗಸರ ಮುಂದೆ ಬರುತ್ತದೆ, ಸೊಸೆಯ ಮುಂದೆ ಬರುವುದಿಲ್ಲ. ಇವತ್ತು ಮನೆಯಲ್ಲಿ ಯಾರೂ ಇಲ್ಲ. ಎಲ್ಲವನ್ನೂ ಬರೆದುಬಿಡುತ್ತೇನೆ.

ನನ್ನ ಮೊದಲ ಬ್ರಾ ತಂದುಕೊಟ್ಟವರು ನಿನ್ನ ಮಾವನವರು, ಗೊತ್ತೇನು? ತವರಿನಲ್ಲಿ ನಮ್ಮವ್ವ ದಪ್ಪ ಬಿಳಿ ಬಟ್ಟೆಯಲ್ಲಿ ತಾನೇ ಬಾಡಿ ಹೊಲಿದು ಕೊಡುತ್ತಿದ್ದಳು. ಮದುವೆಯಾದ ಹೊಸತು. ಇವರು ಬೆಲ್ಲದ ವ್ಯಾಪಾರಕ್ಕೆಂದು ಗೋಕಾಕಕ್ಕೆ ಹೋದವರು ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದು ಬಂದರು. ಗೋಕಾಕದಿಂದ ಬಂದ ಪೊಟ್ಟಣವೆಂದರೆ ಕರದಂಟೇ ಇರಬೇಕೆಂದು ನಮ್ಮತ್ತೆ ಕಾಶೆವ್ವ ಬಿಚ್ಚಲು ಕೈಹಾಕಿದಾಗ ಇವರು ಬೆವರಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಅಂಗಡಿಯವನು ಅಳತೆ ಕೇಳಿದ್ದಕ್ಕೆ "ಹೆಣ್ಮಕ್ಕಳದು" ಎಂದಿದ್ದರಂತೆ. ಉಸಿರು ಬಿಗಿಹಿಡಿದು ಒಂದು ವರ್ಷ ಅದನ್ನೇ ತೊಟ್ಟೆ. ತಂದವರ ಮನಸ್ಸು ನೋಯಬಾರದು ನೋಡು.

ಆಮೇಲೆ ಒಬ್ಬ ದರ್ಜಿ ಜಂಪರಿಗೆಂದು ನನ್ನ ಎದೆಯ ಸುತ್ತ ಅಳೆದು ಮೂವತ್ತೆಂಟು ಎಂದ. ಆ ಅಂಕಿಯನ್ನೇ ನಾನು ಹಿಡಿದುಕೊಂಡೆ. ಹುಕ್ಕೇರಿಯ ಸಂತೆಯಿರಲಿ, ಗೋಕಾಕದ ಪೇಟೆಯಿರಲಿ, "ಮೂವತ್ತೆಂಟು ಕೊಡ್ರಿ" ಎನ್ನುವುದು, ಚೀಲದ ತಳಕ್ಕೆ ಹಾಕಿ ಮೇಲೆ ಮೆಂತ್ಯಪಲ್ಲೆ ಇಡುವುದು. ಹಿಂದಿನ ಪಟ್ಟಿ ಬೆನ್ನ ಮೇಲೇರಿ ಕೂರುತ್ತಿತ್ತು, ಹೆಗಲಲ್ಲಿ ಗುಳಿ ಬಿದ್ದಿತ್ತು. ಹೆಣ್ಣಾಗಿ ಹುಟ್ಟಿದ್ದರ ಜೊತೆ ಇವೂ ಬಂದವು ಅಂದುಕೊಂಡಿದ್ದೆ. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ತೂಗಿದೆ, ಎತ್ತರ ನೋಡಿದೆ, ರಟ್ಟೆಗೆ ಪಟ್ಟಿ ಸುತ್ತಿ ಯಾವ ಮಗು ಸೊರಗಿದೆ ಎಂದು ತಾಯಂದಿರಿಗೆ ತಿಳಿಸಿ ಹೇಳಿದೆ. ನನ್ನ ಮೈಗೊಂದು ಟೇಪು ಸುತ್ತಿಕೊಳ್ಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ಎಡ ಎದೆಯಲ್ಲಿ ಗಂಟು ಸಿಕ್ಕಿದ್ದು, ಬೆಳಗಾವಿಯಲ್ಲಿ ಆ ಎದೆಯನ್ನೇ ಪೂರ್ತಿ ತೆಗೆದದ್ದು, ಆಮೇಲಿನ ಔಷಧಿಗೆ ಕೂದಲು ಉದುರಿದ್ದು, ಇದೆಲ್ಲ ನಿನಗೆ ಗೊತ್ತು. ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದವಳು ನೀನೇ. ನಿನಗೆ ಗೊತ್ತಿಲ್ಲದ್ದು ಮನೆಗೆ ಬಂದ ಮೇಲಿನದು. ಅಲಮಾರಿಯ ಕನ್ನಡಿಗೆ ಧೂಳು ಕೂರುತ್ತದೆಂದು ನಾನು ಹಳೆಯ ಸೀರೆ ಹೊದಿಸಿದ್ದೆನಲ್ಲ, ಅದು ಧೂಳಿಗಲ್ಲ. ಸ್ನಾನ ಮಾಡುವಾಗ ಗೋಡೆ ನೋಡುತ್ತಿದ್ದೆ. ಗಾಯ ಮಾಯ್ದು ತಿಂಗಳುಗಳಾದರೂ ಅದು ಹೇಗಿದೆ ಎಂದು ನಾನು ನೋಡಿರಲಿಲ್ಲ. ಡಾಕ್ಟರು ನೋಡಿದ್ದರು, ನರ್ಸುಗಳು ನೋಡಿದ್ದರು, ನಾನು ನೋಡಿರಲಿಲ್ಲ.

ನಿನ್ನ ಮಾವನವರು ಒಳ್ಳೆಯವರು. ಆದರೆ ಮಾತು ಬರದವರು. ಕೈಯ ಕೆಳಗೆ ಇಟ್ಟುಕೊಳ್ಳಲು ಮೆತ್ತನೆಯ ದಿಂಬು ತಂದರು. ಸೇಬು ತಂದರು. ಮತ್ತೆ ಇನ್ನೊಂದು ದಿಂಬು ತಂದರು. ನಾನು ಬಟ್ಟೆ ಬದಲಿಸುವ ಹೊತ್ತಿಗೆ ಕೋಣೆಯಿಂದ ಹೊರಗೆ ಹೋಗಲು ಶುರುಮಾಡಿದರು. ನನ್ನ ಸಂಕೋಚ ನೋಡಿ ಅವರು ಹಾಗೆ ಮಾಡಿದರು, ಅವರು ಹಾಗೆ ಮಾಡಿದ್ದು ನೋಡಿ ನನ್ನ ಸಂಕೋಚ ಇನ್ನಷ್ಟು ಬೆಳೆಯಿತು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ಓಡಾಡಿದೆವು.

ಎರಡು ಕರ್ಚೀಪು ಮಡಚಿ ಹಳೆಯ ಬ್ರಾದ ಎಡಗಡೆಗೆ ತುರುಕಿಕೊಳ್ಳುತ್ತಿದ್ದೆ. ಕರ್ಚೀಪಿಗೆ ತೂಕವಿಲ್ಲ. ಎಡಗಡೆ ಮೇಲೇರುತ್ತಿತ್ತು, ಬಲಗಡೆ ಕೆಳಗೆ ಜಗ್ಗುತ್ತಿತ್ತು. ಬಲ ಹೆಗಲು ಇಳಿಬಿಟ್ಟು ಒಂದು ಕಡೆ ವಾಲಿ ನಡೆಯುವುದು ರೂಢಿಯಾಯಿತು. ಕುತ್ತಿಗೆಯಿಂದ ನೋವು ಶುರುವಾಗಿ ಬೆನ್ನಿಗಿಳಿಯುತ್ತಿತ್ತು. ನೀನು ಎಣ್ಣೆ ಕಾಸಿ ಕೊಡುತ್ತಿದ್ದೆ, ಹಚ್ಚುತ್ತೇನೆಂದರೆ ನಾನು ಬ್ಯಾಡ ಎನ್ನುತ್ತಿದ್ದೆ.

ಕೊಣ್ಣೂರಿನ ಆ ದಿನವನ್ನು ನಾವಿಬ್ಬರೂ ಎಂದೂ ಮಾತಿಗೆ ತಂದಿಲ್ಲ. ನನ್ನ ತಂಗಿಯ ಮಗಳ ಕುಬಸದ ಕಾರ್ಯ. ಹೋಗುವುದಿಲ್ಲವೆಂದರೆ ತಂಗಿ ಅಳುತ್ತಾಳೆಂದು ಹೊರಟೆ, ನಿನ್ನನ್ನೂ ಕರೆದುಕೊಂಡೆ. ಬಸುರಿ ಮಣೆಯ ಮೇಲೆ ಕೂತಿದ್ದಳು. ಉಡಿ ತುಂಬಲು ನನ್ನನ್ನು ಕರೆದರು. ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಬಗ್ಗಿದೆ. ಎದೆಯೊಳಗಿಂದ ಏನೋ ಜಾರಿದ್ದು ನನಗೆ ತಿಳಿಯುವ ಮೊದಲೇ ಕರ್ಚೀಪಿನ ಗಂಟು ಆರತಿ ತಟ್ಟೆಯ ಪಕ್ಕ ಬಿದ್ದಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಬೇಕಿತ್ತು. ಕಣ್ಣು ಸರಿ ಕಾಣದ ಒಬ್ಬ ಮುದುಕಿ ಅದನ್ನೆತ್ತಿ, "ಯವ್ವಾ, ನಿನ್ನ ಕರ್ಚೀಪ ಬಿತ್ತ ನೋಡ" ಎಂದು ನನ್ನ ಕೈಗೆ ಕೊಟ್ಟಳು. ನಾನು ಇಸಿದುಕೊಂಡು ಸೆರಗು ಜಗ್ಗಿಕೊಂಡೆ. ಅಲ್ಲಿದ್ದ ಎಲ್ಲ ಹೆಂಗಸರ ಕಣ್ಣು ನನ್ನ ಎದೆಯ ಮೇಲೆ ಬಂದು, ತಟ್ಟನೆ ಬೇರೆ ಕಡೆ ಹೋದವು.

ವಾಪಸು ಬರುವಾಗ ಬಸ್ಸಿನಲ್ಲಿ ನೀನು ನನ್ನನ್ನು ಕಿಡಕಿಯ ಕಡೆ ಕೂರಿಸಿ ನೀನು ಈಚೆ ಕೂತೆ. ಮೂಡಲಗಿ ಬರುವ ತನಕ ಒಂದು ಮಾತಾಡಲಿಲ್ಲ. ಸಮಾಧಾನದ ಮಾತು ಹೇಳಿದ್ದರೆ ನಾನು ಬಸ್ಸಿನಲ್ಲೇ ಒಡೆದುಹೋಗುತ್ತಿದ್ದೆ. ಹೇಳದೆ ಕೂತಿದ್ದೇ ನೀನು ಮಾಡಿದ ಮೊದಲ ಉಪಕಾರ.

ಅದಾದ ಮೇಲೆ ನಾನು ಹೊಸ್ತಿಲು ದಾಟಲಿಲ್ಲ. ಅಂಗನವಾಡಿಯ ಸಹಾಯಕಿ ಪಾರವ್ವ ವಾರಕ್ಕೊಮ್ಮೆ ಬಂದು, ರಜೆ ಎಂದು ಮುಗಿಯುತ್ತದೆ, ಹುಡುಗರು ಅಕ್ಕೋರು ಎಲ್ಲಿ ಅಂತ ಕೇಳುತ್ತವೆ ಎಂದು ಹೇಳಿ ಹೋಗುತ್ತಿದ್ದಳು. ನನಗೆ ಅದೇ ಹೆದರಿಕೆ. ಆ ಮಕ್ಕಳು ತೊಡೆಯೇರಿ ಕೂರುವವು, ಕುತ್ತಿಗೆಗೆ ಜೋತುಬೀಳುವವು, ಎದೆಗೆ ತಲೆ ಗುದ್ದುವವು. ಮಕ್ಕಳ ಬಾಯಿಗೆ ಬೀಗವಿಲ್ಲ. ಅಕ್ಕೋರಿಗೆ ಒಂದು ಎದೆ ಇಲ್ಲ ಎಂದು ಒಂದು ಮಗು ಮನೆಗೆ ಹೋಗಿ ಹೇಳಿದರೆ ಸಾಕು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಂದುಬಿಟ್ಟೆ: "ನಾ ಅಂಗನವಾಡಿ ಬಿಡ್ತೇನಿ. ಸಾಕಾತು." ಇವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ನಿನ್ನ ಮನಸ್ಸು ಎಂದರು. ನೀನು ನನ್ನ ತಾಟಿಗೆ ಪಲ್ಯ ಬಡಿಸಿದೆ.

ಮರುದಿನ ಇವರು ಅಂಗಡಿಗೆ ಹೋದ ಮೇಲೆ, ಅಭಿಷೇಕನೂ ಮನೆಯಲ್ಲಿಲ್ಲದಾಗ, ನೀನು ಒಂದು ಟೇಪು ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತೆ. ಬೆಳಗಾವಿಯ ಲೇಡಿ ಡಾಕ್ಟರಿಗೆ ನನಗೆ ಹೇಳದೆ ಫೋನ್ ಮಾಡಿದ್ದೆಯಂತೆ. ಬೆನ್ನುನೋವಿಗೂ ವಾಲುವುದಕ್ಕೂ ಸರಿಯಾದ ಅಳತೆಯ ಬ್ರಾ ಬೇಕು, ಎಡಗಡೆಗೆ ಬಲಗಡೆಯಷ್ಟೇ ತೂಕದ್ದು ಏನಾದರೂ ಇಡಬೇಕು ಎಂದಿದ್ದರಂತೆ. ಅಳತೆ ತೆಗೆಯುವುದನ್ನು ನೀನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ನನಗೆ ಸಿಟ್ಟು ಬಂತು. ಯಾರೂ ನನ್ನನ್ನು ಮುಟ್ಟುವುದು ಬೇಡ ಎಂದೆ. ಸ್ವಲ್ಪ ಜೋರಾಗಿಯೇ ಅಂದೆ. ನೀನು ಹಿಂದೆ ಸರಿಯಲಿಲ್ಲ, ಒಳಗೂ ಬರಲಿಲ್ಲ.

"ಅತ್ತಿ, ಯಾರೂ ಮುಟ್ಟೂದಿಲ್ಲರಿ. ನೀವ ಒಳಗ ಇರ್ರಿ, ಬಾಗಲಾ ಹಾಕ್ಕೋರಿ. ನಾ ಹೊರಗ ಕುಂತ ಹೇಳ್ತೇನಿ, ನಿಮ್ಮ ಅಳತಿ ನೀವ ತಗೋರಿ."

ಟೇಪನ್ನು ಮಂಚದ ಮೇಲೆ ಇಟ್ಟು ನೀನೇ ಬಾಗಿಲು ಎಳೆದುಕೊಂಡೆ. ನೀನು ಬಾಗಿಲಿಗೆ ಬೆನ್ನು ಹಚ್ಚಿ ನೆಲಕ್ಕೆ ಕೂತ ಸಪ್ಪಳ ಕೇಳಿತು. ಐದು ತಿಂಗಳ ಬಸುರಿ, ಬರಿ ನೆಲಕ್ಕೆ ಕೂತಿದ್ದಾಳಲ್ಲ ಎಂಬ ಕಳವಳಕ್ಕೇ ನಾನು ಟೇಪು ಕೈಗೆತ್ತಿಕೊಂಡೆ ಎಂದರೆ ನೀನು ನಂಬಬೇಕು.

ಮೊದಲು ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಸುತ್ತಬೇಕು ಎಂದೆ ನೀನು. ಉಸಿರು ಬಿಟ್ಟು ಅಳೆಯಬೇಕು, ಬಿಗಿಯಾಗಿರಬೇಕು, ಮಾಂಸಕ್ಕೆ ಕೊರೆಯಬಾರದು. ಸುತ್ತಿದೆ. ಟೇಪು ಬೆನ್ನ ಹಿಂದೆ ಮೇಲೆ ಏರಿದೆಯೋ ಕೆಳಗೆ ಇಳಿದಿದೆಯೋ ತಿಳಿಯಲಿಲ್ಲ. ಹೊರಗಿನಿಂದ ನೀನು ಅದನ್ನೇ ಕೇಳಿದೆ, ಹಿಂದೆ ಮುಂದೆ ಒಂದೇ ಸಮ ಇದೆಯೋ ನೋಡಿರಿ ಎಂದೆ. ನೋಡಬೇಕೆಂದರೆ ಕನ್ನಡಿ ಬೇಕು. ಸೀರೆ ಹೊದಿಸಿದ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೊನೆಗೆ ಎಳೆದೆ.

ಶೋಭಾ, ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಗೋಣಿಚೀಲದ ಬಾಯಿ ಹೊಲಿದಂತೆ ಇರುತ್ತದೆ, ಗುಂಡಿ ಬಿದ್ದಿರುತ್ತದೆ, ನೋಡಿದರೆ ಊಟ ಸೇರುವುದಿಲ್ಲ ಎಂದೆಲ್ಲ. ಹಾಗಿರಲಿಲ್ಲ. ಕಂಕುಳದಿಂದ ಎದೆಯ ನಡುವಿನ ತನಕ ಓರೆಯಾಗಿ ಒಂದು ಗೆರೆ. ಅದರ ಸುತ್ತ ನನ್ನದೇ ಚರ್ಮ, ನನ್ನದೇ ಬಣ್ಣ. ಪಕ್ಕದಲ್ಲಿ ಬಲ ಎದೆ, ಅಭಿಷೇಕ ಹಾಲು ಕುಡಿದದ್ದು, ವಯಸ್ಸಾಗಿ ಇಳಿದದ್ದು. ಇಷ್ಟು ದಿನ ಬಟ್ಟೆಯ ಅಡಿಯಲ್ಲಿ ಇವೆರಡೂ ಒಂದರ ಪಕ್ಕ ಒಂದು ಸುಮ್ಮನೆ ಇದ್ದವಲ್ಲ, ಅವುಗಳ ಮುಖ ನೋಡದೆ ಕೂತವಳು ನಾನೇ ಅನ್ನಿಸಿ ಕಣ್ಣು ತುಂಬಿ ಬಂತು. ಟೇಪಿನ ಅಂಕಿ ಮಸುಕಾಯಿತು.

ಹೊರಗಿನಿಂದ ನಿನ್ನ ದನಿ ಬಂತು. "ಅತ್ತಿ, ಎಷ್ಟ ಬಂತರಿ?"

"ತಡಿಯವ್ವಾ. ಈಗ ನೋಡಾಕತ್ತೇನಿ."

ನನ್ನ ದನಿಯಲ್ಲಿ ನಿನಗೆ ಏನು ತಿಳಿಯಿತೋ. ಆಗ ನೀನು ಹೇಳಿದ್ದು ನಾನು ಸಾಯುವ ತನಕ ಮರೆಯುವುದಿಲ್ಲ. "ಸಾವಕಾಶ ನೋಡ್ರಿ ಅತ್ತಿ. ನನಗೇನ ಗಡಿಬಿಡಿ ಇಲ್ಲ."

ನೋಡಿದೆ. ಅತ್ತುಬಿಟ್ಟೆ. ಮೂಗು ಒರೆಸಿಕೊಂಡೆ. ಆಮೇಲೆ ಅಂಕಿ ನೋಡಿದೆ. ಮೂವತ್ತಮೂರೂವರೆಗೆ ಚೂರು ಮೇಲೆ. ಮೂವತ್ತನಾಲ್ಕು ಎಂದು ಹಿಡಿಯಿರಿ ಎಂದೆ ನೀನು. ಮೂವತ್ತೆಂಟಲ್ಲವೇ ಎಂದು ನಾನು ವಾದಿಸಿದೆ. ನೀನು ಹೊರಗೆ ನಕ್ಕೆ. ದರ್ಜಿ ಅಳೆಯುವುದು ಎದೆಯ ಮೇಲಿನ ತುಂಬು ಸುತ್ತು, ಬ್ರಾದ ಅಂಕಿ ಎದೆಯ ಕೆಳಗಿನ ಸುತ್ತು, ಎರಡರ ನಡುವಿನ ಅಂತರ ನೋಡಿ ಬಟ್ಟಲಿನ ಅಕ್ಷರ ಎಂದು ಬಿಡಿಸಿ ಹೇಳಿದೆ. ಬಟ್ಟಲು ಎಂದ ಕೂಡಲೇ ನನಗೂ ನಗು ಬಂತು. ಅಳು ಇನ್ನೂ ಪೂರ್ತಿ ನಿಂತಿರಲಿಲ್ಲ.

ಎರಡನೇ ಅಳತೆಯಲ್ಲಿ ಸಿಕ್ಕಿಕೊಂಡೆವು. ಎರಡೂ ಎದೆ ಇದ್ದವರು ಸುತ್ತಲೂ ಅಳೆಯುತ್ತಾರೆ. ನನಗೆ ಬೇರೆ ಲೆಕ್ಕ. ಎದೆಯ ನಡು ಎಲುಬಿನಿಂದ ಶುರುಮಾಡಿ, ಬಲ ಎದೆಯ ತುಂಬು ಭಾಗದ ಮೇಲೆ ಹಾಯಿಸಿ, ಬೆನ್ನೆಲುಬಿನ ತನಕ ಅಳೆದು, ಅದನ್ನು ಎರಡರಿಂದ ಗುಣಿಸಬೇಕು. ನಡು ಎಲುಬಿಗೆ ಗುರುತಿಗೆಂದು ಒಂದು ಟಿಕಳಿ ಹಚ್ಚಿಕೊಳ್ಳಿರಿ ಎಂದೆ ನೀನು. ಹಣೆಯದನ್ನೇ ತೆಗೆದು ಹಚ್ಚಿಕೊಂಡೆ. ಆದರೆ ಬೆನ್ನಿಗೆ ಕೈ ಮುಟ್ಟಲಿಲ್ಲ. ಎಡಗೈ ಅಷ್ಟು ಹಿಂದೆ ತಿರುಗದು. ಬಲಗೈಯಲ್ಲಿ ಹಿಡಿದರೆ ಟೇಪು ಮುಂದೆ ಜಾರುತ್ತದೆ. ಬಾಯಲ್ಲಿ ಕಚ್ಚಿ ನೋಡಿದೆ, ಆಗಲಿಲ್ಲ. ನೀನು ಒಳಗೆ ಬರಲೇ ಎಂದು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ನಾನೇ ಹೋಗಿ ಬಾಗಿಲು ತೆಗೆದೆ. "ನನ್ನ ಕೈ ಮುಟ್ಟವಲ್ದು. ನೀನ ಒಳಗ ಬಾ" ಎಂದೆ.

ನೀನು ಬಂದೆ. ನನ್ನನ್ನು ದಿಟ್ಟಿಸಲೂ ಇಲ್ಲ, ನೋಡದಂತೆ ಮುಖ ತಿರುಗಿಸಲೂ ಇಲ್ಲ. ರೊಟ್ಟಿಯ ಹಿಟ್ಟು ನೋಡುವಂತೆ, ಹೂವಿನ ಗಿಡ ನೋಡುವಂತೆ ನೋಡಿದೆ. ಹಿಂದೆ ನಿಂತು ಟೇಪಿನ ತುದಿ ಬೆನ್ನಿಗೆ ಒತ್ತಿ ಹಿಡಿದೆ. ನಿನ್ನ ಹೊಟ್ಟೆ ನನ್ನ ಬೆನ್ನಿಗೆ ತಾಕಿತು. ಈಗ ಹುಕ್ಕೇರಿಯಲ್ಲಿ ನಿನ್ನ ಪಕ್ಕದಲ್ಲಿ ಮಲಗಿದೆಯಲ್ಲ ಆ ಕೂಸು, ಅದು ನನ್ನನ್ನು ಮೊದಲು ಮುಟ್ಟಿದ್ದು ಅವತ್ತು. ಹತ್ತೊಂಬತ್ತು ಎಂದೆ ನೀನು. ಎರಡರಿಂದ ಗುಣಿಸಿದರೆ ಮೂವತ್ತೆಂಟು. ಮೂವತ್ತನಾಲ್ಕು ಕಳೆದರೆ ನಾಲ್ಕು. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಐವತ್ತೇಳನೆಯ ವಯಸ್ಸಿಗೆ ನನ್ನ ಅಳತೆ ನನಗೆ ಗೊತ್ತಾಯಿತು.

ಆಮೇಲಿನದು ನೆನೆದರೆ ನಗುವೇ ಬರುತ್ತದೆ. ನಿಮ್ಮ ತವರಿಗೆ ಹೋದಾಗ ಹುಕ್ಕೇರಿಯ ಸಂತೆಯಲ್ಲಿ, ಹಗ್ಗದ ಮೇಲೆ ಬ್ರಾ ತೂಗುಹಾಕಿಕೊಂಡು ಕೂತಿದ್ದವನನ್ನು ಕೇಳಿದೆವು. ಮೂವತ್ತನಾಲ್ಕು ಡಿ ಎಂದ ಕೂಡಲೇ ಅವನು ನನ್ನನ್ನು ಮೇಲೆ ಕೆಳಗೆ ನೋಡಿ, ಡಿ ಅಂದರೆ ಭಾಳ ದೊಡ್ಡದಾಗುತ್ತದೆ, ನಿಮಗೆ ಮೂವತ್ತೆಂಟೇ ಸರಿ ಎಂದು ಕೊಡಲು ಬಂದ. ನನ್ನ ಮೈ ಅಳೆದವನು ಅವನೋ ನಾನೋ? ಮೊದಲಿನ ನಾನಾಗಿದ್ದರೆ ತೆಗೆದುಕೊಂಡು ಮೆಂತ್ಯಪಲ್ಲೆಯ ಅಡಿಗೆ ಇಡುತ್ತಿದ್ದೆ. ಅವತ್ತು ಬೇಡ ಎಂದು ಎದ್ದುಬಂದೆ. ನೀನು ನನ್ನ ಹಿಂದೆ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತ ಬಂದೆ.

ಗೋಕಾಕದಲ್ಲಿ ಮೂರು ಅಂಗಡಿ ತಿರುಗಿದೆವು. ಮೂರನೆಯದರಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು, ರಟ್ಟಿನ ಡಬ್ಬಿಗಳ ಹಿಂದೆ ಪರದೆ ಕಟ್ಟಿ ತೊಟ್ಟು ನೋಡಲು ಜಾಗ ಕೊಟ್ಟಳು. ಹೊಸದಾಗಿದ್ದಾಗ ಕೊನೆಯ ಕೊಂಡಿಗೆ, ಅಂದರೆ ಎಲ್ಲಕ್ಕಿಂತ ಸಡಿಲಿನದಕ್ಕೆ ಹಾಕಬೇಕು, ಬಟ್ಟೆ ಹಿಗ್ಗುತ್ತ ಹೋದಂತೆ ಒಳಗಿನ ಕೊಂಡಿಗೆ ಬರಬೇಕು ಎಂದು ನೀನು ಹೇಳಿದೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದೆ. ಮುಂದಕ್ಕೆ ಬಗ್ಗಿ ಬಟ್ಟಲಿನಲ್ಲಿ ಎದೆಯನ್ನು ಸರಿಯಾಗಿ ಕೂರಿಸಿಕೊಳ್ಳಲು ಹೇಳಿದೆ. ಕೈ ಎತ್ತಲು ಹೇಳಿದೆ, ನಾನು ಎಡಗೈ ಎಷ್ಟು ಏಳುತ್ತದೋ ಅಷ್ಟು ಎತ್ತಿದೆ. ಪಟ್ಟಿ ಜಾಗ ಬಿಡಲಿಲ್ಲ. ಭಾರವೆಲ್ಲ ಹೆಗಲಿನಿಂದ ಇಳಿದು ಪಕ್ಕೆಯ ಸುತ್ತ ಹಂಚಿಹೋಯಿತು. ಇಷ್ಟು ವರ್ಷ ಎರಡು ದಾರದ ಮೇಲೆ ನನ್ನ ಎದೆಯನ್ನು ತೂಗುಹಾಕಿಕೊಂಡು ಓಡಾಡಿದ್ದೆನಲ್ಲ ಅನ್ನಿಸಿತು.

ಒಳಜೇಬು ಇರುವ ಬ್ರಾ ಅಲ್ಲಿ ಸಿಗಲಿಲ್ಲ. ನಿನ್ನ ಮಾವನವರ ಹಳೆಯ ಧೋತರ ಒಗೆದೊಗೆದು ಬೆಣ್ಣೆಯಂತಾಗಿತ್ತಲ್ಲ, ಅದನ್ನು ಕತ್ತರಿಸಿ ನೀನೇ ಒಳಗೆ ಜೇಬು ಹೊಲಿದೆ. ಒಂದು ಚೀಲ ಹೊಲಿದು ನವಣೆ ತುಂಬಿದೆ. ಎಷ್ಟು ನವಣೆ ಬೇಕೆಂಬುದಕ್ಕೆ ಕನ್ನಡಿಯೇ ತಕ್ಕಡಿ. ನಾನು ಕನ್ನಡಿಯ ಮುಂದೆ ನಿಲ್ಲುವುದು, ನೀನು ಹಿಡಿ ಹಿಡಿ ಹಾಕುತ್ತ ಹೋಗುವುದು. ಎಡ ಹೆಗಲು ಸ್ವಲ್ಪ ಇಳಿಯಿತು, ಇನ್ನೂ ಸ್ವಲ್ಪ, ಹೆಚ್ಚಾಯಿತು, ಒಂದು ಚಿಟಿಕೆ ತೆಗೆ. ಎರಡೂ ಹೆಗಲು ಒಂದೇ ಸಮಕ್ಕೆ ಬಂದಾಗ ನಾವಿಬ್ಬರೂ ಕನ್ನಡಿಯೊಳಗೆ ಒಬ್ಬರನ್ನೊಬ್ಬರು ನೋಡಿದೆವು. ಸಿಲಿಕಾನಿನದು ಬೆಳಗಾವಿಯಿಂದ ಆಮೇಲೆ ಬಂತು, ಅದು ಚೆನ್ನಾಗಿದೆ, ಮೈಗೆ ಹೊಂದಿಕೊಂಡಿದೆ. ಆದರೂ ಆ ನವಣೆಯ ಚೀಲವನ್ನು ನಾನು ಎಸೆದಿಲ್ಲ.

ನಿನ್ನ ಕುಬಸದ ದಿನ ಕೊಣ್ಣೂರಿನಲ್ಲಿದ್ದ ಹೆಂಗಸರಲ್ಲಿ ಅರ್ಧ ಮಂದಿ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಹಸಿರು ಸೀರೆ ಉಟ್ಟು ನೀನು ಮಣೆಯ ಮೇಲೆ ಕೂತಿದ್ದೆ. ನಾನು ಉಡಿ ತುಂಬಲು ಬಗ್ಗಿದೆ. ಬಗ್ಗುವಾಗ ನೀನು ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದೆ, ನಿನ್ನ ಕೈ ಸೆರಗಿನ ಅಡಿಯಲ್ಲಿ ನನ್ನ ಮೊಣಕೈಯ ಹತ್ತಿರಕ್ಕೆ ಬಂದು ನಿಂತಿತ್ತು. ಬಿದ್ದರೆ ಹಿಡಿಯಲೆಂದು. ಏನೂ ಬೀಳಲಿಲ್ಲ. ಸಾವಕಾಶ ತುಂಬಿದೆ, ಐದು ಸಲ ಬಗ್ಗಿ ಎದ್ದೆ. ಎಲ್ಲ ಮುಗಿದು ಬಂದವರು ಹೋದ ಮೇಲೆ ನಿನ್ನ ಮಾವನವರು ಕಟ್ಟೆಯ ಮೇಲೆ ಕೂತು ಎಲೆ ಮಡಚುತ್ತಿದ್ದರು. ನಾನು ಅಂಗಳ ದಾಟಿ ಹೋಗುವುದನ್ನು ನೋಡಿ, "ನೆಟ್ಟಗ ನಡ್ಯಾಕತ್ತಿ ನೋಡ" ಎಂದರು. ಎಷ್ಟು ದಿನ ಕೂಡಿಟ್ಟುಕೊಂಡಿದ್ದರೋ ಆ ಒಂದು ಮಾತನ್ನು. ಅವತ್ತಿನಿಂದ ನಾನು ಬಟ್ಟೆ ಬದಲಿಸುವಾಗ ಅವರು ಕೋಣೆ ಬಿಟ್ಟು ಹೋಗುವುದಿಲ್ಲ. ಪೇಪರು ಓದುತ್ತ ಕೂತಿರುತ್ತಾರೆ. ನಾನೂ ಹೋಗಿರಿ ಎನ್ನುವುದಿಲ್ಲ.

ಈಗ ನಿನ್ನ ಪ್ರಶ್ನೆ. ಅಂಗಡಿಯವರಿಗೆ ಹಳೆಯ ಅಂಕಿ ಹೇಳಿ ಕಳಿಸಬೇಡ. ಟೇಪು ಕವರಿನಲ್ಲಿ ಹಾಕಿದ್ದೇನೆ. ಕೂಸಿಗೆ ಹಾಲು ಕುಡಿಸಿದ ಮೇಲೆ ಅಳತೆ ತೆಗೆದುಕೋ, ತುಂಬಿದ ಎದೆಯ ಅಳತೆಯ ಮೇಲೆ ತಂದರೆ ಆಮೇಲೆ ಸಡಿಲಾಗುತ್ತದೆ. ಆದರೆ ಬಟ್ಟಲಿನಲ್ಲಿ ತುಸು ಜಾಗ ಇರಲಿ, ಹಾಲಿಗೆ ಬಟ್ಟೆ ಇಡಬೇಕಾಗುತ್ತದೆ. ಕೆಳಗಿನ ಸುತ್ತು ಒಂದು, ತುಂಬು ಸುತ್ತು ಒಂದು, ಮೇಲಿನದರಲ್ಲಿ ಕೆಳಗಿನದನ್ನು ಕಳೆ. ತಂತಿ ಇರುವುದು ಬೇಡ, ಹತ್ತಿಯದೇ ತರಿಸು, ಕುಡಿಸಲು ಮುಂದೆ ಬಿಚ್ಚುವಂಥದ್ದು. ಬಿಗಿ ಮಾತ್ರ ಇರಬಾರದು, ಹಾಲು ಕಟ್ಟಿ ಗಡ್ಡೆಯಾಗಿ ಜ್ವರ ಬಂದರೆ ಅದರ ಸಂಕಟ ನನಗೆ ಗೊತ್ತು. ಎರಡು ತಂದರೆ ಸಾಕು. ಎರಡು ತಿಂಗಳಿಗೆ ಮೈ ಮತ್ತೆ ಬದಲಾಗುತ್ತದೆ, ಆಗ ಮತ್ತೆ ಅಳೆದುಕೋ. ಬೆನ್ನಿಗೆ ಕೈ ಮುಟ್ಟದಿದ್ದರೆ ನಿಮ್ಮವ್ವನನ್ನು ಕರಿ, ಸಂಕೋಚ ಮಾಡಬೇಡ. ಅವರ ಅಳತೆಯನ್ನೂ ತೆಗೆ. ಅವರೂ ಇಷ್ಟು ವರ್ಷ ಜಂಪರಿನ ಅಂಕಿಯನ್ನೇ ಹೇಳಿರುತ್ತಾರೆ, ಬೇಕಾದರೆ ನೋಡು.

ಇನ್ನೊಂದು ಸಂಗತಿ ಇದೆ. ಇದನ್ನು ನಿನ್ನ ಮಾವನವರಿಗೂ ಹೇಳಿಲ್ಲ. ನೀನು ಹೆರಿಗೆಗೆ ಹುಕ್ಕೇರಿಗೆ ಹೋದ ಮೇಲೆ ನಾನು ಅಂಗನವಾಡಿಗೆ ಮರಳಿದ್ದು ನಿನಗೆ ಗೊತ್ತು. ಮೊದಲ ದಿನಗಳಲ್ಲಿ ನಾನು ಕುರ್ಚಿಯ ಮೇಲೆಯೇ ಕೂರುತ್ತಿದ್ದೆ, ನೆಲಕ್ಕೆ ಕೂರುತ್ತಿರಲಿಲ್ಲ. ನೆಲಕ್ಕೆ ಕೂತರೆ ಮಕ್ಕಳು ಮೈಮೇಲೆ ಬರುತ್ತವೆ. ಪಾರವ್ವನಿಗೆ ತಿಳಿದಿತ್ತು. ಹೋದ ಶುಕ್ರವಾರ ರಿಕ್ಷಾ ಹೊಡೆಯುವ ಮುತ್ತಪ್ಪ ತನ್ನ ಕಿರಿಮಗಳನ್ನು ಹೊಸದಾಗಿ ಬಿಟ್ಟುಹೋದ. ಮೂರು ವರ್ಷದ ಹುಡುಗಿ. ಬಾಗಿಲ ಹತ್ತಿರ ನಿಂತು ಅಳು ಶುರುಮಾಡಿತು. ಪಾರವ್ವ ಎತ್ತಿಕೊಂಡರೆ ಒದೆಯಿತು, ಗೊಂಬೆ ಕೊಟ್ಟರೆ ಎಸೆಯಿತು, ಬೆಲ್ಲ ಕೊಟ್ಟರೆ ಉಗುಳಿತು. ಬಿಕ್ಕಿ ಬಿಕ್ಕಿ ಮುಖವೆಲ್ಲ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ಚಾಪೆಯ ಮೇಲೆ ಕಾಲು ಚಾಚಿ ಕೂತೆ. ಕರೆಯಲಿಲ್ಲ, ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಅದು ತಾನೇ ಬಂತು, ತೊಡೆಯೇರಿತು, ನನ್ನ ಸೆರಗು ಹಿಡಿದುಕೊಂಡು ಎಡಗಡೆಗೇ ಒರಗಿತು. ನಾನು ಅದನ್ನು ಬಲಗಡೆಗೆ ಸರಿಸಲೆಂದು ಕೈ ಎತ್ತಿದೆ. ಅಷ್ಟರಲ್ಲಿ ಅದರ ಕೆನ್ನೆ ಅಲ್ಲಿ ಕೂತುಬಿಟ್ಟಿತ್ತು. ಬಿಕ್ಕು ನಿಧಾನವಾಯಿತು. ಹೆಬ್ಬೆರಳು ಬಾಯಿಗೆ ಹೋಯಿತು. ಆಮೇಲೆ ನಿದ್ದೆ.

ಅದರ ಜೊಲ್ಲಿಗೆ ನನ್ನ ಜಂಪರು ತೊಯ್ದಿತು. ಪಾರವ್ವ ಊಟಕ್ಕೆ ಎಬ್ಬಿಸಲು ಬಂದಾಗ ಬೇಡ ಎಂದು ಕೈ ಮಾಡಿದೆ. ಕಾಲು ಜೋಮು ಹಿಡಿದಿತ್ತು, ಸೊಂಟ ನೋಯುತ್ತಿತ್ತು. ಕದಲದೆ ಕೂತೆ.

ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಕೂಸು ಮಲಗಿದಾಗ ಮಲಗು. ನಿನ್ನ ಎದೆಯ ಹಾಲು ಬತ್ತದಿರಲಿ, ಬೆನ್ನು ಬಾಗದಿರಲಿ, ನಿನ್ನ ಮಗಳು ಯಾವ ಕನ್ನಡಿಗೂ ಬಟ್ಟೆ ಹೊದಿಸದೆ ಬೆಳೆಯಲಿ. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗೆ ಇಡಲಿ.

ಯಾವಾಗ ಬರುತ್ತೀ ಎಂದು ದಿನಾ ಕೇಳುವವಳಲ್ಲ, ಆದರೂ ದಿನಾ ಕೇಳಬೇಕೆನ್ನಿಸುವ

ನಿನ್ನ ಅತ್ತಿ,
ದಾಕ್ಷಾಯಿಣಿ